ಗಾಡಿ ನೋಡುವ ಮೊದಲು ಯಜಮಾನನನ್ನು ನೋಡಿ

ಎರಡೇ ವರ್ಷ ಓಡಿದ ಸ್ಕೂಟರ್, ಇಪ್ಪತ್ತೆರಡು ಸಾವಿರಕ್ಕೆ. ಫೋಟೋದಲ್ಲಿ ಒಂದು ಗೀರೂ ಕಾಣದು. ಫೋನ್ ಮಾಡಿದರೆ ಆ ಕಡೆ ಬಲು ವಿನಯದ ದನಿ: ‘ನಾನು ಸೈನ್ಯದಲ್ಲಿದ್ದೇನೆ ಸರ್, ದಿಢೀರನೆ ವರ್ಗವಾಯಿತು. ಗಾಡಿ ಏರ್‌ಪೋರ್ಟ್ ಪಾರ್ಕಿಂಗ್‌ನಲ್ಲಿದೆ, ಮಿಲಿಟರಿ ಪಾರ್ಸೆಲ್‌ನಲ್ಲಿ ಮನೆಗೇ ಕಳಿಸುತ್ತೇನೆ.’ ಸಮವಸ್ತ್ರದ ಫೋಟೋ, ಗುರುತಿನ ಚೀಟಿ, ಆರ್‌ಸಿ ಎಲ್ಲವೂ ವಾಟ್ಸ್‌ಆ್ಯಪ್‌ಗೆ ಬಂದು ಬೀಳುತ್ತವೆ. ಮೊದಲು ಪಾರ್ಸೆಲ್ ಖರ್ಚು ಅಂತ ಎರಡು ಸಾವಿರ. ಆಮೇಲೆ ಗೇಟ್ ಪಾಸ್. ಆಮೇಲೆ ಜಿಎಸ್‌ಟಿ, ‘ಗಾಡಿ ಕೈಸೇರಿದ ಕೂಡಲೇ ವಾಪಸ್.’ ಕಳಿಸಿದ ಹಣ ಮುಳುಗಬಾರದೆಂದೇ ಜನ ಇನ್ನಷ್ಟು ಕಳಿಸುತ್ತಾ ಹೋಗುತ್ತಾರೆ. ಗಾಡಿ ಬರುವುದಿಲ್ಲ, ಅದು ಇದ್ದರೆ ತಾನೆ ಬರಲು!

ಕೊಡಗಿನಿಂದ ಬೆಳಗಾವಿಯವರೆಗೆ ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಎಷ್ಟೋ ಮನೆಗಳು ನಮ್ಮಲ್ಲಿವೆ. ಆ ಗೌರವವನ್ನೇ ಈ ಕಳ್ಳರು ಬಂಡವಾಳ ಮಾಡಿಕೊಂಡಿದ್ದಾರೆ. ಕಾನೂನಿನಲ್ಲಿ ಇದು ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಮಿನ ವಂಚನೆ, 7 ವರ್ಷದವರೆಗೆ ಜೈಲು. ಇನ್ನೊಬ್ಬರ ವೇಷ ಹಾಕಿ ಫೋನ್ ಅಥವಾ ಕಂಪ್ಯೂಟರ್ ಮೂಲಕ ಮೋಸ ಮಾಡಿದ್ದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಕಾನೂನು ಗಟ್ಟಿಯಾಗಿಯೇ ಇದೆ. ಆದರೆ ಪಿನ್ ಒತ್ತಿದ್ದು ನೀವೇ ಆದರೆ ಬ್ಯಾಂಕು ಹೊಣೆ ಹೊರುವುದು ಕಷ್ಟ. ಗ್ರಾಹಕನಿಗೆ ಗೊತ್ತಿಲ್ಲದೆ ಹಣ ಹೋದಾಗ ರಕ್ಷಣೆ ಕೊಡುವ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ, ತಾನಾಗಿ ಕಳಿಸಿದ ಹಣಕ್ಕೆ ಆಸರೆಯಾಗುವುದಿಲ್ಲ. ಹಾಗಾಗಿ ವಸ್ತುವನ್ನು ಕಣ್ಣಾರೆ ನೋಡಿ ಮುಟ್ಟುವ ತನಕ ಒಂದು ರೂಪಾಯಿಯನ್ನೂ ಕೊಡಬೇಡಿ, ‘ಇನ್ನೊಂದು ಪಾರ್ಟಿ ಅಡ್ವಾನ್ಸ್ ಕೊಡಲು ರೆಡಿ’ ಎಂದರೂ ಸರಿ. ನೋಡಲು ಹೋಗುವುದಾದರೆ ಹಗಲಲ್ಲಿ, ಜನ ಓಡಾಡುವ ಕಡೆ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.

ಹಣ ಹೋಗಿ ವಸ್ತು ಬಾರದ ಮೋಸದ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ವಸ್ತು ಬಂದೂ ನಿಮ್ಮದಾಗದ ಇನ್ನೊಂದು ಬಗೆಯಿದೆ. ನನ್ನ ಮಟ್ಟಿಗೆ ಅದೇ ಹೆಚ್ಚು ನೋವಿನದು. ಕಡಿಮೆ ಬೆಲೆಗೆ ಸಿಕ್ಕ ಮೊಬೈಲ್ ಕದ್ದ ಮಾಲು ಎಂದಿಟ್ಟುಕೊಳ್ಳಿ. 1930ರ ಸರಕು ಮಾರಾಟ ಕಾಯ್ದೆಯ 27ನೇ ಕಲಮು ಹೇಳುವುದು ಇಷ್ಟೆ: ಮಾರುವವನಿಗೇ ಇಲ್ಲದ ಹಕ್ಕು ಕೊಂಡವನಿಗೆ ಬರುವುದಿಲ್ಲ. ಕೆಲವು ವಿನಾಯಿತಿಗಳುಂಟು, ಕಳವಿನ ಮಾಲಿಗೆ ಅವು ನೆರವಾಗುವುದಿಲ್ಲ. ನೀವು ಪೂರ್ತಿ ಹಣ ಕೊಟ್ಟಿದ್ದರೂ ಪೊಲೀಸರು ಮಹಜರು ಮಾಡಿ ಫೋನನ್ನು ಒಯ್ಯಬಹುದು. ಕದ್ದದ್ದೆಂದು ಗೊತ್ತಿದ್ದೂ, ಅಥವಾ ಗೊತ್ತಾಗಲು ಸಾಕಷ್ಟು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಕೊಂಡರೆ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ ಕೊಂಡವರೇ ಆರೋಪಿ. ಅರವತ್ತು ಸಾವಿರದ ಫೋನು, ಬಿಲ್ಲೂ ಇಲ್ಲ ಡಬ್ಬವೂ ಇಲ್ಲ, ಎಂಟು ಸಾವಿರಕ್ಕೆ ಸಿಕ್ಕಿತೆಂದರೆ ‘ನನಗೇನೂ ಗೊತ್ತಿರಲಿಲ್ಲ’ ಎಂಬ ಮಾತನ್ನು ಠಾಣೆಯಲ್ಲಿ ಯಾರು ನಂಬುತ್ತಾರೆ?

ಮೊಬೈಲಿಗೆ ಸುಲಭದ ಪರೀಕ್ಷೆಯಿದೆ. *#06# ಒತ್ತಿದರೆ ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಕಾಣುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲೂ ನೋಡಬಹುದು. ಕಪ್ಪುಪಟ್ಟಿಯಲ್ಲಿದ್ದರೆ ಅಲ್ಲಿಂದಲೇ ಹಿಂದಿರುಗಿ. ಪಟ್ಟಿಯಲ್ಲಿಲ್ಲದಿದ್ದರೂ ಹಳೆಯ ಬಿಲ್ಲು ಕೇಳಿ, ಮಾರುವವರ ಹೆಸರು, ವಿಳಾಸ, ಐಎಂಇಐ, ಮೊತ್ತ, ದಿನಾಂಕ ಬರೆದ ಸಹಿಯ ರಸೀದಿ ಪಡೆಯಿರಿ.

ಗಾಡಿಯ ವಿಷಯದಲ್ಲಿ ಆರ್‌ಸಿಯಲ್ಲಿ ಹೆಸರಿರುವವರೇ ಎದುರಿಗೆ ಬರಬೇಕು. ‘ತಮ್ಮನ ಹೆಸರಲ್ಲಿದೆ, ಅವನು ದುಬೈನಲ್ಲಿದ್ದಾನೆ’ ಎಂದರೆ ತಮ್ಮ ಬಂದ ಮೇಲೆ ವ್ಯಾಪಾರ ಮಾಡಿ. ಚಾಸಿ ಸಂಖ್ಯೆಯನ್ನು ಆರ್‌ಸಿಯೊಂದಿಗೆ ತಾಳೆ ನೋಡಿ. ಯುಪಿಐನಲ್ಲಿ ಪಿನ್ ಒತ್ತುವ ಮೊದಲು ಕಾಣುವ ಹೆಸರೂ ಆರ್‌ಸಿಯ ಹೆಸರಿಗೆ ಹೊಂದಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ಫಾರಂ 35 ಬೇಕು. ಬಾಕಿ ಸಂಚಾರ ದಂಡವನ್ನೂ ನೋಡಿಕೊಳ್ಳಿ, ಸಿಗ್ನಲ್ ಹಾರಿದ್ದು ಯಾರೋ, ತಲೆನೋವು ನಿಮಗೆ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕು. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲೂ 14 ದಿನ. ಸಹಿ ಹಾಕಿದ ಖಾಲಿ ಫಾರಂ ಕೊಟ್ಟು ಕೈತೊಳೆದುಕೊಳ್ಳುವ ಮಾರಾಟಗಾರರಿಗೂ ಒಂದು ಮಾತು. ಕೈಯಿಂದ ಕೈಗೆ ಹೋಗಿದ್ದ ಕಾರೊಂದರ ಅಪಘಾತದ ಪ್ರಕರಣದಲ್ಲಿ, ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿದ್ದ ಮಾಲೀಕರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿದೆ.

ಮೋಸಹೋದ ಮೇಲೆ ಗಂಟೆಗಳ ಲೆಕ್ಕ ಶುರು. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ಜಾರುವ ಮುನ್ನ ಸುದ್ದಿ ಮುಟ್ಟಿದರೆ ತಡೆಹಿಡಿಯುವ ಸಾಧ್ಯತೆಯಿರುತ್ತದೆ. ವಹಿವಾಟಿನ ಸಂಖ್ಯೆ, ಯುಪಿಐ ಐಡಿ, ಜಾಹೀರಾತಿನ ಚಿತ್ರ, ಚಾಟ್ ಎಲ್ಲ ಉಳಿಸಿಕೊಳ್ಳಿ. ಸಿಟ್ಟಿನಲ್ಲಿ ಅಳಿಸಿಬಿಟ್ಟರೆ ಸಾಕ್ಷ್ಯವೇ ಹೋಯಿತು. ನಂತರ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು, ಜೊತೆಗೆ ಹತ್ತಿರದ ಠಾಣೆ ಅಥವಾ ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ) ಠಾಣೆ. ‘ಆರೋಪಿ ರಾಜಸ್ಥಾನದವನು, ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದು ಸಾಗಹಾಕುವಂತಿಲ್ಲ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ಎಲೆಕ್ಟ್ರಾನಿಕ್ ರೂಪದಲ್ಲಿ ಕಳಿಸಿದರೆ ಮೂರು ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ದೂರು ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ.

ಹಳೆ ಗಾಡಿ, ಹಳೆ ಫೋನುಗಳ ಅಂಗಡಿ ಇಟ್ಟವರು ದೋಷ ಮುಚ್ಚಿಟ್ಟು ಮಾರಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ತನ್ನ ಮನೆಯ ಹಳೆ ಫ್ರಿಜ್ಜು ಮಾರಿದ ನೆರೆಯವರ ಮೇಲೆ ಅಲ್ಲಿ ದೂರು ನಿಲ್ಲುವುದು ಕಷ್ಟ, ಅವರು ವ್ಯಾಪಾರಿಯಲ್ಲ. ಅದಕ್ಕೆ ಸಿವಿಲ್ ನ್ಯಾಯಾಲಯವೇ ಗತಿ.

ಪೊಲೀಸರು ಬ್ಯಾಂಕಿನಲ್ಲಿ ತಡೆಹಿಡಿಸಿದ ಹಣ ತಾನಾಗಿ ಮರಳುತ್ತದೆಂದು ಕಾಯುತ್ತಾ ಕೂರಬೇಡಿ. ಸಾಮಾನ್ಯವಾಗಿ ಅದನ್ನು ಬಿಡಿಸಿಕೊಳ್ಳಲು ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕಾಗಬಹುದು. ಜೊತೆಗೆ ದೂರಿನ ಪ್ರತಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಇರಲಿ. ವಕೀಲರನ್ನಿಡುವ ಶಕ್ತಿಯಿಲ್ಲದವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿನ ವಕೀಲರ ನೆರವು ಉಚಿತ.