ಅಧ್ಯಕ್ಷ ಪದವಿ: ಆರಿಸುವವರಾರು, ಅಧಿಕಾರವೆಷ್ಟು?

ಗೌನಿಪಲ್ಲಿಯಂತಹ ಗಡಿಸೀಮೆಯಲ್ಲಿ ಪಾಠ ಹೇಳುವವರಿಗೆ ಒಂದು ವಿಶೇಷ ಲಾಭವುಂಟು. ಇಲ್ಲಿಯ ಮಕ್ಕಳು ಎರಡು ನುಡಿಗಳನ್ನಾಡುತ್ತಾರೆ, ಎರಡು ರಾಜ್ಯಗಳಲ್ಲಿ ನಂಟರನ್ನು ಹೊಂದಿರುತ್ತಾರೆ. ಆದಕಾರಣ ಒಂದು ಕಡೆಯ ಪದ್ಧತಿಯನ್ನು ಮತ್ತೊಂದು ಕಡೆಯದರೊಡನೆ ತಾವಾಗಿಯೇ ಹೋಲಿಸಿ ನೋಡುತ್ತಾರೆ. ತತ್ಸಮ ಶಬ್ದಗಳ ಪಾಠ ನಡೆಯುತ್ತಿದ್ದ ಒಂದು ದಿನ ‘ಅಧ್ಯಕ್ಷ’ ಎಂಬ ಶಬ್ದ ಬಂದೊಡನೆ ಬಾಲಕನೊಬ್ಬನು ಎದ್ದುನಿಂತು, “ಮೇಷ್ಟ್ರೇ, ಆಂಧ್ರದಲ್ಲಿ ನಮ್ಮ ಅತ್ತೆಯ ಊರಿನ ಸರ್ಪಂಚರಿಗೆ ಅತ್ತೆಯೇ ಓಟು ಹಾಕಿದರು. ನಮ್ಮ ಪಂಚಾಯಿತಿ ಅಧ್ಯಕ್ಷರಿಗೆ ನಮ್ಮಪ್ಪ ಏಕೆ ಹಾಕಲಿಲ್ಲ?” ಎಂದು ಕೇಳಿದನು. ನಾನು ಶಬ್ದಶಾಸ್ತ್ರವನ್ನೋದಿದವನೇ ಹೊರತು ರಾಜ್ಯಶಾಸ್ತ್ರಜ್ಞನಲ್ಲ. ಆದರೂ ಹುಡುಗನ ಪ್ರಶ್ನೆಯನ್ನು ಹಾಗೆಯೇ ಬಿಡಲು ಮನಸ್ಸೊಪ್ಪಲಿಲ್ಲ. ಅಂದಿನಿಂದ ಓದಿ ತಿಳಿದುದನ್ನು ಈ ಸಂಚಿಕೆಯ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಶಬ್ದವನ್ನೇ ನೋಡೋಣ. ‘ಅಧಿ’ ಎಂದರೆ ಮೇಲೆ, ‘ಅಕ್ಷ’ ಎಂದರೆ ಕಣ್ಣು. ಮೇಲಿದ್ದು ನೋಡಿಕೊಳ್ಳುವವನೇ ಅಧ್ಯಕ್ಷ. ಅಮರಕೋಶವು ಈ ಶಬ್ದವನ್ನು ‘ಅಧಿಕೃತ’ ಶಬ್ದಕ್ಕೆ ಸಮಾನವೆಂದು ಹೇಳುತ್ತದೆ. ಅಧಿಕೃತನೆಂದರೆ ಅಧಿಕಾರದಲ್ಲಿ ನಿಯೋಜಿಸಲ್ಪಟ್ಟವನು. ಹಾಗಾದರೆ ನಿಯೋಜಿಸಿದವರಾರು, ಎಷ್ಟು ಅಧಿಕಾರವನ್ನು ಕೊಟ್ಟು ನಿಯೋಜಿಸಿದರು ಎಂಬೆರಡು ಪ್ರಶ್ನೆಗಳು ಶಬ್ದದೊಳಗೇ ಅಡಗಿವೆ. ಇವೆರಡೂ ಬೇರೆ ಬೇರೆ ಪ್ರಶ್ನೆಗಳೆಂಬುದನ್ನು ಮರೆತಲ್ಲಿಯೇ ನಮ್ಮ ಚರ್ಚೆಗಳು ದಾರಿ ತಪ್ಪುತ್ತವೆ.

ಮೊದಲನೆಯ ಪ್ರಶ್ನೆಗೆ ಸಂವಿಧಾನವೇ ಭಾಗಶಃ ಉತ್ತರ ಕೊಟ್ಟಿದೆ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೆಯ ತಿದ್ದುಪಡಿಯ ಪ್ರಕಾರ ಗ್ರಾಮಮಟ್ಟದ ಅಧ್ಯಕ್ಷರನ್ನು ಹೇಗೆ ಆರಿಸಬೇಕೆಂಬುದು ಆಯಾ ರಾಜ್ಯದ ಶಾಸನಸಭೆಗೆ ಬಿಟ್ಟ ವಿಷಯ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಲ್ಲಾದರೋ ಚುನಾಯಿತ ಸದಸ್ಯರು ತಮ್ಮೊಳಗಿನಿಂದಲೇ ಅಧ್ಯಕ್ಷರನ್ನು ಆರಿಸತಕ್ಕದ್ದು. ನಗರಗಳ ಮೇಯರನ್ನು, ಎಂದರೆ ಮಹಾಪೌರನನ್ನು, ಆರಿಸುವ ರೀತಿಯನ್ನು 74ನೆಯ ತಿದ್ದುಪಡಿಯು ರಾಜ್ಯಗಳಿಗೇ ಬಿಟ್ಟಿತು. ಆಂಧ್ರವು 1994ರ ತನ್ನ ಕಾಯಿದೆಯಲ್ಲಿ ಸರ್ಪಂಚರನ್ನು ಗ್ರಾಮದ ಮತದಾರರೇ ನೇರವಾಗಿ ಆರಿಸುವಂತೆ ವಿಧಿಸಿತು. ಅಲ್ಲಿಯ ಮತದಾರನು ವಾರ್ಡಿನ ಸದಸ್ಯನಿಗೊಂದು, ಸರ್ಪಂಚನಿಗೊಂದು, ಹೀಗೆ ಎರಡು ಮತಗಳನ್ನು ಹಾಕುತ್ತಾನೆ. 1993ರ ಕರ್ನಾಟಕದ ಕಾಯಿದೆಯಾದರೋ ಆ ಆಯ್ಕೆಯನ್ನು ಸದಸ್ಯರಿಗೆ ವಹಿಸಿತು. ಬಾಲಕನ ಅತ್ತೆಗೆ ದೊರೆತ ಹಕ್ಕು ಅವನ ತಂದೆಗೆ ದೊರೆಯದಿರಲು ಕಾರಣವಿಷ್ಟೆ.

ಎರಡೂ ಪದ್ಧತಿಗಳಲ್ಲಿ ಗುಣದೋಷಗಳಿವೆ. ಸದಸ್ಯರು ಆರಿಸಿದ ಅಧ್ಯಕ್ಷರು ಸದಸ್ಯರೊಡನೆ ಹೊಂದಿಕೊಂಡು ನಡೆಯುತ್ತಾರೆಂಬುದು ಒಂದು ಗುಣ. ಆದರೆ ಚುನಾವಣೆಗೆ ಮುನ್ನ ಸದಸ್ಯರನ್ನು ದೂರದ ಯಾತ್ರಾಸ್ಥಳಗಳಿಗೆ ಕರೆದೊಯ್ದು ‘ಕಾಪಾಡಿಕೊಳ್ಳುವ’ ವಾಡಿಕೆಯನ್ನು ಅರಿಯದವರಾರು? ಮೂರನೆಯ ಎರಡರಷ್ಟು ಸದಸ್ಯರು ಅವಿಶ್ವಾಸ ಸೂಚಿಸಿದರೆ ಪದವಿಯೂ ಹೋಗುತ್ತದೆ. ನಮ್ಮಲ್ಲಿ ಓದಿದ ಹೆಣ್ಣುಮಗಳೊಬ್ಬಳು ಒಂದು ಪಂಚಾಯಿತಿಗೆ ಅಧ್ಯಕ್ಷೆಯಾಗಿದ್ದಳು. ಕೆರೆಯ ಹೂಳು ತೆಗೆದ ಕೆಲಸದ ಲೆಕ್ಕವನ್ನು ಸಭೆಯ ಮುಂದಿಡಬೇಕೆಂದು ಹಟ ಹಿಡಿದುದೇ ಆಕೆಯ ಅಪರಾಧವಾಯಿತು. ಕೆಲವೇ ತಿಂಗಳಲ್ಲಿ ಪದವಿಯಿಂದಿಳಿದಳು. “ಊರವರೆಲ್ಲ ನನ್ನ ಪರವಾಗಿದ್ದರು ಮೇಷ್ಟ್ರೇ, ಆದರೆ ಅವರನ್ನು ಕೇಳುವವರೇ ಇರಲಿಲ್ಲ” ಎಂದಳು. ನೇರ ಚುನಾವಣೆಯ ಪರವಾಗಿ ಇದಕ್ಕಿಂತ ಬಲವಾದ ವಾದವನ್ನು ನಾನು ಕೇಳಿಲ್ಲ.

ಆದರೆ ಜನರೇ ಆರಿಸಿದವರೂ ಸದಸ್ಯರು ಒಪ್ಪದಿದ್ದರೆ ಯಾವ ನಿರ್ಣಯವನ್ನೂ ಅಂಗೀಕರಿಸಲಾಗದೆ ಕೈಕಟ್ಟಿ ಕುಳಿತುಕೊಳ್ಳಬೇಕಾಗುತ್ತದೆ. ಅಂಥವರು ತಪ್ಪಿ ನಡೆದರೆ ಇಳಿಸುವ ಬಗೆ ಹೇಗೆ? ಆಂಧ್ರದಲ್ಲಿ ಸರ್ಪಂಚರ ಮೇಲೆ ಸದಸ್ಯರ ಅವಿಶ್ವಾಸಕ್ಕೆ ಎಡೆಯಿಲ್ಲ. ದುರ್ನಡತೆಗಾಗಿ ತೆಗೆಯುವ ಅಧಿಕಾರ ಜಿಲ್ಲಾಧಿಕಾರಿಯದು. ಮಧ್ಯಪ್ರದೇಶದ ಪೌರಸಂಸ್ಥೆಗಳಲ್ಲಿ ಸದಸ್ಯರು ಕೋರಿದಾಗ ಜನರೇ ಮರುಮತ ಹಾಕಿ ಅಧ್ಯಕ್ಷರನ್ನು ಉಳಿಸುವ ಅಥವಾ ಇಳಿಸುವ ಪದ್ಧತಿಯನ್ನು ತಂದರು. ಕೊಟ್ಟವರೇ ಹಿಂತೆಗೆದುಕೊಳ್ಳುವ ಈ ಕ್ರಮ ನ್ಯಾಯಸಮ್ಮತವೆಂದು ತೋರುತ್ತದೆ.

ಇನ್ನು ಎರಡನೆಯ ಪ್ರಶ್ನೆ, ಅಧಿಕಾರವೆಷ್ಟು ಎಂಬುದು. ಎರಡು ನಿದರ್ಶನಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿರಿ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಶ್ರಮದಿಂದ ರೂಪುಗೊಂಡ 1983ರ ಕಾಯಿದೆಯಂತೆ 1987ರಲ್ಲಿ ನಮ್ಮ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಪರಿಷತ್ತಿನ ಅಧ್ಯಕ್ಷರನ್ನು ಆರಿಸಿದವರು ಸದಸ್ಯರೇ. ಆದರೆ ಅವರಿಗೆ ರಾಜ್ಯಮಂತ್ರಿಯ ಸ್ಥಾನಮಾನವಿತ್ತು, ಕಾರ್ಯಾಂಗದ ಹಿರಿತನವಿತ್ತು. ಹಿರಿಯ ಅಧಿಕಾರಿಯೊಬ್ಬರು ಮುಖ್ಯ ಕಾರ್ಯದರ್ಶಿಯಾಗಿ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದರು. 1993ರ ಕಾಯಿದೆಯಿಂದ ಕಾರ್ಯಾಧಿಕಾರವು ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಕೈಸೇರಿತು. ಅತ್ತ 1996ರಲ್ಲಿ ಮದರಾಸಿನ ಮಹಾಪೌರರಾಗಿ ಎಂ. ಕೆ. ಸ್ಟಾಲಿನ್‌ರವರನ್ನು ನಗರದ ಜನರೇ ನೇರವಾಗಿ ಆರಿಸಿದರು. ಆದರೂ ಕಾರ್ಯಾಧಿಕಾರ ಆಯುಕ್ತರಲ್ಲಿಯೇ ಉಳಿಯಿತು. ನೇರವಾಗಿ ಆರಿಸಲ್ಪಡದವರಿಗೆ ಬಲವಿತ್ತು, ಆರಿಸಲ್ಪಟ್ಟವರಿಗೆ ಅಷ್ಟಿರಲಿಲ್ಲ. ಹೀಗಿರುವಲ್ಲಿ ನೇರ ಚುನಾವಣೆಯೊಂದರಿಂದಲೇ ಎಲ್ಲವೂ ಸಿದ್ಧಿಸುವುದೆಂದು ನಂಬುವುದು ಮುಹೂರ್ತವನ್ನೇ ಮದುವೆಯೆಂದು ತಿಳಿದಂತೆ.

ಎರಡನ್ನೂ ಕೂಡಿಸಿದ ಒಂದು ನಿದರ್ಶನ ಇಂಗ್ಲೆಂಡಿನಲ್ಲಿದೆ. ಹತ್ತು ಸ್ಥಳೀಯ ಸಂಸ್ಥೆಗಳನ್ನೊಳಗೊಂಡ ಗ್ರೇಟರ್ ಮ್ಯಾಂಚೆಸ್ಟರ್ ಸೀಮೆಗೆ 2017ರಲ್ಲಿ ಜನರು ನೇರವಾಗಿ ಒಬ್ಬ ಮೇಯರನ್ನು ಆರಿಸಿದರು. ಆ ಸೀಮೆಯ ಬಸ್ಸುಗಳ ಆಡಳಿತವನ್ನು ಖಾಸಗಿಯವರಿಂದ ಸಾರ್ವಜನಿಕ ಹತೋಟಿಗೆ ತರುವ ಕೆಲಸವು 2023ರಲ್ಲಿ ಮೊದಲಾಗಿ 2025ರ ಜನವರಿಯಲ್ಲಿ ಮುಗಿಯಿತು. ಮೇಯರಿಗೆ ಅಷ್ಟು ಬಲವಿದ್ದರೂ ಅವರ ಆಯವ್ಯಯವನ್ನು ಸ್ಥಳೀಯ ಸಂಸ್ಥೆಗಳ ಮುಖಂಡರು ಮೂರನೆಯ ಎರಡರಷ್ಟು ಬಹುಮತದಿಂದ ತಡೆಯಬಹುದು. ಜನರಿಂದ ಅಧಿಕಾರ, ಸಂಗಡಿಗರಿಂದ ಅಂಕುಶ ಎಂಬುದು ಅಲ್ಲಿಯ ಕ್ರಮ.

ನಮಗಾದರೋ ಇದಕ್ಕೂ ಮೊದಲಿನ ಒಂದು ಚಿಂತೆಯುಂಟು. ಕರ್ನಾಟಕದ ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿದಾಗ ಮುಂದಿನ ಚುನಾವಣೆ ಸಕಾಲದಲ್ಲಿ ನಡೆಯಲಿಲ್ಲ. ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಆಳಿದರು. ಅಧ್ಯಕ್ಷರನ್ನು ಯಾರು ಆರಿಸಬೇಕೆಂದು ನಾವು ವಾದಿಸುತ್ತಿರುವಾಗ ಪೀಠವೇ ಬರಿದಾಗಿತ್ತು.

ಆದುದರಿಂದ ಆ ಬಾಲಕನಿಗೆ ನಾನು ಕೊಟ್ಟ ಉತ್ತರ ಇದು: “ಗ್ರಾಮದ ಮಟ್ಟದಲ್ಲಿ ನಿಮ್ಮಪ್ಪನೂ ಓಟು ಹಾಕುವಂತೆ ಮಾಡಲು ನಮ್ಮ ಶಾಸನಸಭೆಗೆ ಅಡ್ಡಿಯೇನೂ ಇಲ್ಲ, ಮಾಡಿದರೆ ಒಳಿತೆಂದೇ ನನ್ನ ಅಭಿಪ್ರಾಯ. ಆದರೆ ಅಧಿಕಾರವನ್ನೂ ಲೆಕ್ಕ ಕೇಳುವ ಹಕ್ಕನ್ನೂ ಅದರೊಡನೆ ಕೊಡಬೇಕು. ಅಲ್ಲಿಯವರೆಗೆ ಗ್ರಾಮಸಭೆ ಸೇರಿದಾಗ ನಿಮ್ಮಪ್ಪನನ್ನು ಹೋಗಲು ಹೇಳು. ಅಲ್ಲಿ ಲೆಕ್ಕ ಕೇಳಲು ಯಾರ ಅಪ್ಪಣೆಯೂ ಬೇಡ.”

ಈ ಮಾತನ್ನು ನಮ್ಮ ಹಳೆಯ ವಿದ್ಯಾರ್ಥಿಗಳಿಗೂ ಹೇಳುತ್ತೇನೆ. ನಿಮ್ಮಲ್ಲಿ ಅನೇಕರು ದೂರದ ಪಟ್ಟಣಗಳಲ್ಲಿದ್ದೀರಿ. ಊರಿನ ಹಬ್ಬಕ್ಕೆ ತಪ್ಪದೆ ಬರುತ್ತೀರಿ. ಗ್ರಾಮಸಭೆಗೂ ಒಮ್ಮೆ ಬನ್ನಿರಿ. ಅಂದು ಕೆರೆಯ ಲೆಕ್ಕ ಕೇಳಿದ ಹೆಣ್ಣುಮಗಳ ಹಿಂದೆ ನೂರು ಜನ ಎದ್ದುನಿಂತಿದ್ದರೆ ಆಕೆಯನ್ನು ಇಳಿಸುವ ಧೈರ್ಯ ಯಾರಿಗಿರುತ್ತಿತ್ತು?