ಕೈಗೆಟುಕದ ಹಣ

ತಿಂಗಳಿಗೆ 4,000 ರೂಪಾಯಿಯಂತೆ 15 ತಿಂಗಳು ಆರ್.ಡಿ. ಕಟ್ಟಿ, ಒಂದು ರೂಪಾಯಿಯೂ ಸಾಲ ಮಾಡದೆ ಹೊರಟ ಪ್ರವಾಸ ಅದು. 2019ರ ಜುಲೈನಲ್ಲಿ ಮನಾಲಿಯಿಂದ ಲೇಹ್‌ಗೆ ಸೈಕಲ್ ಸವಾರಿ. ರೋಹ್ತಾಂಗ್ ಪಾಸ್ ಏರುವುದನ್ನು ತಪ್ಪಿಸುವ ಅಟಲ್ ಸುರಂಗ ತೆರೆದದ್ದು 2020ರ ಅಕ್ಟೋಬರ್‌ನಲ್ಲಿ. ಹಾಗಾಗಿ ನಾನು ಹೋದಾಗ ರೋಹ್ತಾಂಗ್ ಹತ್ತಿಯೇ ಇಳಿಯಬೇಕಿತ್ತು. ಒಟ್ಟು ಸುಮಾರು 475 ಕಿ.ಮೀ. ದಾರಿ, ಐದು ಪಾಸ್‌ಗಳು, ಅಂದರೆ ಬೆಟ್ಟ ದಾಟುವ ಎತ್ತರದ ದಾರಿಗಳು. ಕೊನೆಯ ತಂಗ್ಲಾಂಗ್ ಲಾ 5,300 ಮೀಟರಿಗೂ ಎತ್ತರ.

ಖರ್ಚಿನ ಲೆಕ್ಕವನ್ನು ಊರಲ್ಲೇ ಬರೆದಿಟ್ಟಿದ್ದೆ. ಮನಾಲಿಯಲ್ಲಿ 6,000 ರೂಪಾಯಿ ನಗದು ತೆಗೆದೆ. ಕೇಲಾಂಗ್ ತಲುಪುವಾಗ 4,500 ಉಳಿದಿತ್ತು. ಅಲ್ಲಿ ಎ.ಟಿ.ಎಂ. ಇತ್ತು, ಅದರ ಮುಂದೆ ಉದ್ದನೆಯ ಸಾಲೂ ಇತ್ತು. ಇರುವಷ್ಟು ಸಾಕೆಂದುಕೊಂಡು ಪೆಡಲ್ ತುಳಿದೆ. ಮುಂದಿನ ಎ.ಟಿ.ಎಂ. ಇದ್ದದ್ದು ಲೇಹ್‌ನಲ್ಲಿ, ಸುಮಾರು 360 ಕಿ.ಮೀ. ಆಚೆ.

ಜಿಂಗ್‌ಜಿಂಗ್‌ಬಾರ್‌ನಲ್ಲಿ ಮಳೆಗೆ ರಸ್ತೆ ಕೊಚ್ಚಿಹೋಗಿ, ಒಂದು ರಾತ್ರಿ ತಂಗಬೇಕಾದವನು ಮೂರು ರಾತ್ರಿ ಡೇರೆಯಲ್ಲಿ ಕಳೆದೆ. ಊಟ, ಹಾಸಿಗೆ ಸೇರಿ ದಿನಕ್ಕೆ 650 ರೂಪಾಯಿ. ಸರ್ಚು ದಾಟುವಾಗ ಜೇಬಿನಲ್ಲಿದ್ದದ್ದು 1,250 ಮಾತ್ರ. ಗಾಟಾ ಲೂಪ್ಸ್‌ನ 21 ತಿರುವುಗಳಲ್ಲಿ ಒಂಬತ್ತನೆಯದನ್ನು ಏರುತ್ತಿದ್ದಾಗ ಹಿಂಗಾಲಿಯ ಬಳಿ ಲಟಕ್ಕೆಂದಿತು. ಗೇರ್ ಬದಲಿಸುವ ಡಿರೇಲರನ್ನು ಹಿಡಿದಿಡುವ ಹ್ಯಾಂಗರ್ ತುಂಡಾಗಿತ್ತು. ಹೆಬ್ಬೆರಳಿನಷ್ಟು ಅಲ್ಯೂಮಿನಿಯಂ ಚೂರು, ನಾಲ್ಕೈದು ನೂರು ರೂಪಾಯಿಯ ಬಿಡಿಭಾಗ, ನನ್ನ ಚೀಲದಲ್ಲಿರಲಿಲ್ಲ. ಚೈನ್ ಗಿಡ್ಡ ಮಾಡಿ ಒಂದೇ ಗೇರಿನಲ್ಲಿ ತುಳಿದು ನೋಡಿದೆ. ಅಷ್ಟೆತ್ತರದ ಗಾಳಿಯಲ್ಲಿ ಉಸಿರು ಸಾಲಲಿಲ್ಲ.

ಒಬ್ಬ ಲಾರಿ ಚಾಲಕರು ಪಾಂಗ್‌ವರೆಗೆ ಕರೆದೊಯ್ದರು. ಅಲ್ಲಿಂದ ಲೇಹ್‌ಗೆ ಹೊರಟಿದ್ದ ಗಾಡಿಯವರು ಸೈಕಲ್ ಸೇರಿಸಿ 2,000 ಕೇಳಿದರು. ಖಾತೆಯಲ್ಲಿ 80,000 ಇತ್ತು, ಫೋನಿನಲ್ಲಿ ಯು.ಪಿ.ಐ. ಇತ್ತು, ಸಿಗ್ನಲ್ ಇರಲಿಲ್ಲ. ನನ್ನದೇ ದುಡ್ಡು ನನಗೆ ಅನ್ಯರದ್ದಾಗಿತ್ತು.

ಡೇರೆ ಧಾಬಾದ ತಾಯಿ ಅನ್ನ, ದಾಲ್ ಬಡಿಸಿ, ರಾತ್ರಿ ಮಲಗಲು ಜಾಗ ಕೊಟ್ಟು, ಬೆಳಿಗ್ಗೆ ಕೈಗೆ 1,000 ರೂಪಾಯಿ ಇಟ್ಟರು. ನನ್ನ ಹೆಸರನ್ನೂ ಕೇಳಲಿಲ್ಲ. ಎಣ್ಣೆ ಕಲೆಯ ಪುಸ್ತಕದಲ್ಲಿ ‘ಸೈಕಲ್, 1,400’ ಎಂದಷ್ಟೇ ಬರೆದುಕೊಂಡರು. ಲೇಹ್ ತಲುಪಿದೊಡನೆ ಹಣ ತೆಗೆದು, ಅದೇ ದಾರಿಯಲ್ಲಿ ವಾಪಸಾಗುತ್ತಿದ್ದ ಆ ಗಾಡಿಯವರ ಕೈಯಲ್ಲೇ ಕಳಿಸಿದೆ. ಆ ತಾಯಿಯ ಋಣ ದೊಡ್ಡದು. ಆದರೆ ಇನ್ನೊಬ್ಬರ ಒಳ್ಳೆಯತನವನ್ನು ಲೆಕ್ಕದ ಪುಸ್ತಕದಲ್ಲಿ ಜಮೆ ಹಿಡಿಯುವ ಹಕ್ಕು ನಮಗಿಲ್ಲ.

ಈಗ ಬೆಟ್ಟದ ದಾರಿಗೆ ಹೊರಡುವ ಮುನ್ನ ಹೀಗೆ ಎಣಿಸುತ್ತೇನೆ: ದಿನದ ಖರ್ಚು, ಅದರ ಮೇಲೆ ಮೂರು ದಿನದ ಹೆಚ್ಚುವರಿ, ಜೊತೆಗೆ ಅಲ್ಲಿಂದ ಗಾಡಿ ಹಿಡಿದು ಹೊರಬರುವ ಬಾಡಿಗೆ. ಎಲ್ಲವೂ ನಗದು, ಎರಡು ಕಡೆ ಹಂಚಿ. ವಿಮೆಯ ಪತ್ರದಲ್ಲಿ ಸಾಹಸ ಚಟುವಟಿಕೆಗಳನ್ನು ಹೊರಗಿಟ್ಟಿದ್ದಾರೆಯೇ ಎಂದೂ ಓದುತ್ತೇನೆ.

ಮನೆಯ ಆಪತ್ತಿನ ಹಣಕ್ಕೂ ಇದೇ ಮಾತು. ಆರು ತಿಂಗಳ ಖರ್ಚು ಕೂಡಿಟ್ಟಿದ್ದೇವೆ ಎಂಬ ನೆಮ್ಮದಿ ಅರ್ಧ ಮಾತ್ರ ನಿಜ. ಲಿಕ್ವಿಡ್ ಫಂಡ್‌ನಲ್ಲಿ ತಕ್ಷಣ ಹಿಂಪಡೆಯುವ ಸೌಲಭ್ಯ ಇದ್ದರೂ ಒಂದು ಯೋಜನೆಯಿಂದ ದಿನಕ್ಕೆ 50,000 ರೂಪಾಯಿಯೇ ಮಿತಿ. ಠೇವಣಿ ನಿಮ್ಮೊಬ್ಬರ ಹೆಸರಿನಲ್ಲಿದ್ದು, ಹಾಸಿಗೆ ಹಿಡಿದವರು ನೀವೇ ಆದರೆ ಮನೆಯವರು ಅದನ್ನು ಮುಟ್ಟುವುದು ಹೇಗೆ? ನಾನು ಒಂದು ತಿಂಗಳ ಖರ್ಚನ್ನು ಹೆಂಡತಿಯೂ ತೆಗೆಯಬಲ್ಲ ಜಂಟಿ ಉಳಿತಾಯ ಖಾತೆಯಲ್ಲಿಟ್ಟಿದ್ದೇನೆ, ಸ್ವಲ್ಪ ನಗದು ಬೀರುವಿನಲ್ಲಿದೆ.

ನಡುರಾತ್ರಿ ಎರಡು ಗಂಟೆಗೆ ನಿಮ್ಮ ಮನೆಯವರ ಕೈಗೆ ಎಷ್ಟು ಹಣ ಸಿಗುತ್ತದೆ? ಈ ವಾರವೇ ಕೂತು ಲೆಕ್ಕ ಹಾಕಿ. ಕೇಲಾಂಗ್‌ನ ಆ ಸಾಲು ಕರಗಲು ಬಹುಶಃ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಆ ಸಾಲಿನಲ್ಲಿ ನಿಂತುಬಿಡಿ.