ಉಪ್ಪು: ಹೆಸರು ಹಲವು, ಗುಣ ಒಂದೇ

“ಡಾಕ್ಟ್ರೇ, ಪುಡಿ ಉಪ್ಪು ಬಿಟ್ಟು ಮೂರು ತಿಂಗಳಾಯಿತು. ಈಗ ಬರೀ ಸೈಂಧವ ಲವಣ. ಆದರೂ ಬಿ.ಪಿ. ಯಾಕೆ ಇಳಿದಿಲ್ಲ?” ರಕ್ತದೊತ್ತಡಕ್ಕೆ ಚಿಕಿತ್ಸೆ ಪಡೆಯುತ್ತಿರುವ ಹಿರಿಯರೊಬ್ಬರ ಪ್ರಶ್ನೆಯಿದು. ವಿಚಾರಿಸಿದಾಗ, ಒಳ್ಳೆಯ ಉಪ್ಪೆಂಬ ಧೈರ್ಯದಿಂದ ಮೊದಲಿಗಿಂತ ಹೆಚ್ಚೇ ಬಳಸುತ್ತಿದ್ದುದು ತಿಳಿಯಿತು. ಮಾತ್ರೆಯನ್ನೂ ತಾವಾಗಿಯೇ ಅರ್ಧಕ್ಕೆ ಇಳಿಸಿದ್ದರು!

ಉಪ್ಪು ಒಂದು ಖನಿಜ. ಅದರ ರಾಸಾಯನಿಕ ಹೆಸರು ಸೋಡಿಯಂ ಕ್ಲೋರೈಡ್. ತೂಕದಲ್ಲಿ ನೂರಕ್ಕೆ ಸುಮಾರು 40 ಭಾಗ ಸೋಡಿಯಂ, ಉಳಿದದ್ದು ಕ್ಲೋರಿನ್. ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಸಮುದ್ರದ ಉಪ್ಪುನೀರನ್ನು ಗದ್ದೆಗಳಲ್ಲಿ ನಿಲ್ಲಿಸುತ್ತಾರೆ. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಹರಳುಗಟ್ಟುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಇದೇ ರೀತಿ ಬತ್ತಿದ ಸಮುದ್ರದ ಉಪ್ಪು ನೆಲದಡಿಯಲ್ಲಿ ಪದರವಾಗಿ ಉಳಿಯಿತು. ಅದನ್ನು ಅಗೆದು ತೆಗೆದದ್ದೇ ಸೈಂಧವ ಲವಣ. ಸಿಂಧೂ ಪ್ರದೇಶದ್ದಾದ್ದರಿಂದ ಆ ಹೆಸರು. ಪಾಕಿಸ್ತಾನದ ಖೇವ್ರಾ ಗಣಿ ಇದಕ್ಕೆ ಪ್ರಸಿದ್ಧ. ಅದರ ನಸುಗೆಂಪು ಬಣ್ಣಕ್ಕೆ ಕಬ್ಬಿಣದ ಅಂಶ ಕಾರಣ. ಆದರೆ ಆ ಅಂಶ ಅತ್ಯಲ್ಪ. ರಕ್ತಹೀನತೆ ನೀಗಲು ಸಾಲದು.

ನರಗಳ, ಸ್ನಾಯುಗಳ ಕೆಲಸಕ್ಕೆ ಸೋಡಿಯಂ ಬೇಕೇ ಬೇಕು. ಆದರೆ ಅದು ಅತಿಯಾದರೆ ದೇಹದಲ್ಲಿ ನೀರು ಉಳಿದು ರಕ್ತದೊತ್ತಡ ಏರುತ್ತದೆ. ಕಾಲಕ್ರಮದಲ್ಲಿ ಹೃದಯ, ಮೆದುಳು, ಮೂತ್ರಪಿಂಡಗಳಿಗೆ ಅಪಾಯ. ಕಲ್ಲುಪ್ಪು, ಪುಡಿ ಉಪ್ಪು, ಸೈಂಧವ ಲವಣ ಯಾವುದಾದರೂ ಈ ಮಾತು ಒಂದೇ.

ಹಾಗಾದರೆ ಎಷ್ಟು ಉಪ್ಪು ತಿನ್ನಬಹುದು? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ತಿಂಡಿಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರಿದ್ದು.

ಇನ್ನೊಂದು ಮುಖ್ಯ ವಿಷಯ ಅಯೋಡಿನ್. ಸೈಂಧವ ಲವಣದಲ್ಲಿ ಸಹಜವಾಗಿ ಇದು ಸಾಕಷ್ಟು ಇರುವುದಿಲ್ಲ. ಅಯೋಡಿನ್ ಕೊರತೆಯಿಂದ ಗಳಗಂಡ ಬರಬಹುದು. ಗರ್ಭಿಣಿಯರಲ್ಲಿ ಕೊರತೆಯಾದರೆ ಹುಟ್ಟುವ ಮಗುವಿನ ಬುದ್ಧಿ ಬೆಳವಣಿಗೆಗೇ ಪೆಟ್ಟು. ಆದ್ದರಿಂದ ಅಯೋಡಿನ್‌ಯುಕ್ತ ಉಪ್ಪನ್ನೇ ಕೊಳ್ಳಿ. ಮುಚ್ಚಳವಿರುವ ಡಬ್ಬಿಯಲ್ಲಿ, ಒಲೆಯಿಂದ ದೂರವಿಡಿ.

‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಸೇರಿರುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರು, ಬಿ.ಪಿ. ಅಥವಾ ಹೃದಯದ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಬಳಸಕೂಡದು.

ವಾಂತಿಭೇದಿಯಾದಾಗ ಮಾತ್ರ ಇದೇ ಉಪ್ಪು ಜೀವರಕ್ಷಕ. ಓ.ಆರ್.ಎಸ್. ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮತಟ್ಟಾದ ಅರ್ಧ ಟೀ ಚಮಚ ಉಪ್ಪು, ಆರು ಟೀ ಚಮಚ ಸಕ್ಕರೆ ಕದಡಿ ಸ್ವಲ್ಪಸ್ವಲ್ಪವಾಗಿ ಕುಡಿಸಿ.

ಉಪ್ಪಿಗಿಂತ ರುಚಿಯಿಲ್ಲ, ನಿಜ. ಆದರೆ ಬದಲಿಸಬೇಕಾದದ್ದು ಉಪ್ಪಿನ ಬಣ್ಣವನ್ನಲ್ಲ, ಅಳತೆಯನ್ನು. ಮಾತ್ರೆಯನ್ನಂತೂ ವೈದ್ಯರು ಹೇಳದೆ ಬಿಡಬೇಡಿ.